ಟ್ಯಾಂಕಿಗೆ ಹುಡುಗರನ್ನು ಇಳಿಸಲ್ಲ ಅಂದು ಕೆಲಸ ಬಿಟ್ಟೆ, ಮಾಡಿದ್ದು ಸರಿನಾ?

ಪಂಪ್‌ರೂಮ್_ಹಾಸನ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹಾಸನ ಕಡೆಯವನು, ಐಟಿಐ ಎಲೆಕ್ಟ್ರಿಷಿಯನ್. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ 5 ವರ್ಷ 8 ತಿಂಗಳು ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೆ. 212 ಮನೆ. ಲಿಫ್ಟು, ಜನರೇಟರ್, ಬೋರ್‌ವೆಲ್ ಮೋಟಾರು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಎಲ್ಲಾ ನನ್ನ ತಲೆ ಮೇಲೆ. ಸಂಬಳ ಕೊಡುವುದು ಏಜೆನ್ಸಿ, ಕೆಲಸ ಹೇಳುವುದು ಅಸೋಸಿಯೇಷನ್ ಕಮಿಟಿ. ಗೌರಿ ಹಬ್ಬಕ್ಕೆ ಒಂದು ವಾರ ಇದೆ ಅನ್ನುವಾಗ ರಾಜೀನಾಮೆ ಕೊಟ್ಟು ಬಂದೆ.

ಆಗಿದ್ದು ಇಷ್ಟು. ಯುಗಾದಿ ಹೊತ್ತಿನಿಂದ ನಮ್ಮ ಎಸ್‌ಟಿಪಿಯ ಫಿಲ್ಟರ್ ಪ್ರೆಸ್, ಅಂದರೆ ಕೆಸರು ಹಿಂಡಿ ತೆಗೆಯುವ ಮೆಷಿನ್, ಕೆಟ್ಟಿತ್ತು. ರಿಪೇರಿಗೆ ಎರಡು ಸಲ ಕೊಟೇಷನ್ ತಂದುಕೊಟ್ಟೆ, ಮುಂದಿನ ಮೀಟಿಂಗ್ ನೋಡೋಣ ಅಂದರು. ಪ್ರೆಸ್ ಇಲ್ಲ ಅಂದಮೇಲೆ ಕೆಸರು ಹೊರಗೆ ಹೋಗುವ ದಾರಿನೇ ಇಲ್ಲ, ಟ್ಯಾಂಕಿನಲ್ಲೇ ಕೂತು ಗಟ್ಟಿಯಾಗುತ್ತಾ ಬಂತು. ಅದರ ಮೇಲೆ ಕರೆಂಟ್ ಬಿಲ್ ಜಾಸ್ತಿ ಅಂತ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಅನ್ನು ದಿನಕ್ಕೆ 10 ಗಂಟೆ ಮಾತ್ರ ಓಡಿಸಿ ಅಂದರು. ಗಾಳಿ ಸಿಗದೆ ಬ್ಯಾಕ್ಟೀರಿಯಾ ಸತ್ತವು, ನೀರು ನಾರತೊಡಗಿತು. ಆ ನೀರೇ ಎಲ್ಲರ ಮನೆ ಫ್ಲಶ್‌ಗೆ ಹೋಗುವುದು. ವಾಟ್ಸಾಪ್ ಗ್ರೂಪಿನಲ್ಲಿ ಬೈಗುಳ ಶುರು. ಹಬ್ಬಕ್ಕೆ ನೆಂಟರು ಬರುತ್ತಾರೆ, ಅಷ್ಟರೊಳಗೆ ಟ್ಯಾಂಕ್ ಕ್ಲೀನ್ ಆಗಬೇಕು ಅಂತ ಕಮಿಟಿಯಿಂದ ಆರ್ಡರ್ ಬಂತು.

ಕೆಸರು ಹೀರಿಕೊಂಡು ಹೋಗುವ ಸಕ್ಕಿಂಗ್ ಗಾಡಿ ಕರೆಸೋಣ ಅಂದೆ. 5 ಲೋಡ್ ಆಗುತ್ತದೆ, ಒಟ್ಟು 17 ಸಾವಿರ. ಏಜೆನ್ಸಿಯ ಫೀಲ್ಡ್ ಆಫೀಸರ್ ಒಪ್ಪಲಿಲ್ಲ. 'ಇಬ್ಬರು ಹುಡುಗರನ್ನ ಇಳಿಸಿ ಬಕೆಟ್‌ನಲ್ಲಿ ಎತ್ತಿಸು, ತಲೆಗೆ ಸಾವಿರ ಕೊಡೋಣ' ಅಂದ. ಅವನು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಹೆಲ್ಪರ್ ಹುಡುಗ, ರಾಯಚೂರಿನವನು, ಇನ್ನೂ 20 ತುಂಬಿಲ್ಲ, ಅಂಗಿ ಬಿಚ್ಚಿ ಪೈಪಿನ ಮೇಲೆ ಹಾಕಿ, ಟವೆಲ್ಲನ್ನು ನಲ್ಲಿ ನೀರಲ್ಲಿ ನೆನೆಸಿ ಮೂಗಿಗೆ ಕಟ್ಟಿಕೊಳ್ಳುತ್ತಿದ್ದ. ಅವನಿಗೆ ಸಾವಿರ ಅಂದರೆ ಎರಡು ದಿನದ ಕೂಲಿ. ಅವನ ತಾಯಿ ಅದೇ ಬ್ಲಾಕಿನ ಮೂರನೇ ಮಹಡಿಯಲ್ಲಿ ನೆಲ ಒರೆಸುತ್ತಿದ್ದರು. ನನಗೆ ಏನು ಮಾಡಬೇಕೋ ಹೊಳೆಯಲಿಲ್ಲ. ಮುಚ್ಚಳ ಎಳೆದು ಮುಚ್ಚಿ ಅದರ ಮೇಲೆ ಕೂತುಬಿಟ್ಟೆ.

ಮಾರನೇ ದಿನ ಏಜೆನ್ಸಿಯವರು ಒಂದು ಕಾಗದ ತಂದರು. 'ಸುರಕ್ಷತಾ ಸಾಮಗ್ರಿ ಎಲ್ಲಾ ಒದಗಿಸಲಾಗಿದೆ, ಕೆಲಸಗಾರರು ಸ್ವಂತ ಇಚ್ಛೆಯಿಂದ ಇಳಿಯುತ್ತಿದ್ದಾರೆ' ಅಂತ ಟೈಪ್ ಮಾಡಿಸಿದ್ದರು. ಕೆಳಗೆ ಸೂಪರ್‌ವೈಸರ್ ಸಹಿ ಅಂತ ಜಾಗ. ನಮ್ಮ ಸ್ಟೋರಿನಲ್ಲಿ ಇದ್ದದ್ದು ಎರಡು ಜೊತೆ ಹರಿದ ಗ್ಲೌಸು, ಒಂದು ಹೆಲ್ಮೆಟ್ಟು, ಕೊರೊನಾ ಕಾಲದ ಮಾಸ್ಕ್ ಪಾಕೀಟು. ಸಹಿ ಹಾಕಲ್ಲ ಅಂದೆ. ಹಾಗಾದರೆ ನಾಳೆಯಿಂದ ಬರಬೇಡ ಅಂದರು. ಬೇಡ, ನಾನೇ ಬರೆದುಕೊಡುತ್ತೇನೆ ಅಂದೆ. 'ವೈಯಕ್ತಿಕ ಕಾರಣ ಅಂತ ಬರಿ, ರಿಲೀವಿಂಗ್ ಲೆಟರ್ ಸಲೀಸಾಗಿ ಸಿಗುತ್ತದೆ' ಅಂದರು. ಹಾಗೇ ಬರೆದುಕೊಟ್ಟೆ.

ಇದೊಂದೇ ಅಲ್ಲ. 12 ಗಂಟೆ ಡ್ಯೂಟಿ, ತಿಂಗಳಿಗೆ ಎರಡೇ ರಜಾ, ಓಟಿ ಅನ್ನುವ ಮಾತೇ ಇಲ್ಲ. ಹೌಸ್‌ಕೀಪಿಂಗ್ ಹೆಂಗಸರು ಬೇಸ್‌ಮೆಂಟಿನಲ್ಲಿ ಜನರೇಟರ್ ಪಕ್ಕ ರಟ್ಟು ಹಾಸಿಕೊಂಡು ಊಟ ಮಾಡುತ್ತಾರೆ. ಕರೆಂಟ್ ಹೋಗಿ ಜನರೇಟರ್ ಶುರುವಾದರೆ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುವುದನ್ನು ಎಷ್ಟು ಸಲ ನೋಡಿದ್ದೇನೋ. ಒಂದು ರೂಮು ಕೊಡಿ ಅಂತ ಮೂರು ಸಲ ಕೇಳಿದೆ. ಆಗಲಿಲ್ಲ. ಅದನ್ನೆಲ್ಲಾ ನುಂಗಿಕೊಂಡೇ ಇದ್ದೆ, ಸಹಿ ವಿಷಯ ಮಾತ್ರ ನುಂಗಲಿಕ್ಕೆ ಆಗಲಿಲ್ಲ.

ಈಗ ಕಷ್ಟ ಶುರುವಾಗಿದೆ. ನೋಟಿಸ್ ಪೀರಿಯಡ್ ಮಾಡಿಲ್ಲ ಅಂತ ಆಗಸ್ಟ್ ಸಂಬಳ ಹಿಡಿದಿದ್ದಾರೆ. ಪಾಸ್‌ಬುಕ್ ತೆಗೆದು ನೋಡಿದರೆ 5 ತಿಂಗಳ ಪಿಎಫ್ ಕಟ್ಟೇ ಇಲ್ಲ, ಸ್ಲಿಪ್ಪಿನಲ್ಲಿ ಮಾತ್ರ ಹಿಡಿದಿದ್ದಾರೆ. ಮಗಳಿಗೆ ವೀಸಿಂಗ್ ಇದೆ, ಇಂದಿರಾನಗರದ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಆಸ್ಪತ್ರೆಯಲ್ಲೇ ತೋರಿಸುವುದು, ಇನ್ನು ಅದೂ ನಿಂತುಹೋಗುತ್ತದಾ? ಇದೆಲ್ಲಕ್ಕಿಂತ ಹೆಚ್ಚಾಗಿ ರಾತ್ರಿ ನಿದ್ದೆ ಬರದಿರುವುದು ಆ ಹುಡುಗರ ವಿಷಯಕ್ಕೆ. ನಾನು ಬಂದುಬಿಟ್ಟೆ, ಅವರು ಅಲ್ಲೇ ಇದ್ದಾರೆ. ಅನ್ನ ಕೊಟ್ಟ ಜಾಗ ಬಿಡಬಾರದಿತ್ತು ಅನ್ನುತ್ತಾರೆ ಅಪ್ಪ. ನಾನು ಮಾಡಿದ್ದು ಸರಿನಾ, ಇಲ್ಲಾ ತಪ್ಪಿಸಿಕೊಂಡು ಓಡಿಬಂದ ಹಾಗಾಯಿತಾ?

ಹಳೇ_ಫಿಟ್ಟರ್:

ತಮ್ಮಾ, ಮೊದಲು ಒಂದು ಮಾತು. ಆ ಮುಚ್ಚಳದ ಮೇಲೆ ಕೂತೆಯಲ್ಲ, ಆ ಹೊತ್ತಿಗೆ ಅದಕ್ಕಿಂತ ಸರಿಯಾದ ಕೆಲಸ ಇನ್ನೊಂದಿರಲಿಲ್ಲ. ಎಸ್‌ಟಿಪಿ ಕೆಲಸದಲ್ಲಿ 26 ವರ್ಷ ಕಳೆದವನು ಹೇಳುತ್ತಿದ್ದೇನೆ.

ಇಲ್ಲಿ ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ಬಿಡಿಸಿ ಬರೆಯುತ್ತೇನೆ. ಕೆಸರು ಗಾಳಿ ಇಲ್ಲದೆ ತಿಂಗಳುಗಟ್ಟಲೆ ಕೂತರೆ ಅದರೊಳಗೆ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಳ್ಳುತ್ತದೆ. ಮೇಲಿಂದ ನೋಡಿದರೆ ಏನೂ ಕಾಣಲ್ಲ. ಕಾಲಿಟ್ಟು ಕಲಕಿದ ತಕ್ಷಣ ಒಮ್ಮೆಲೇ ಏಳುತ್ತದೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ನಿಲ್ಲುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ, ಜಾಸ್ತಿ ಆದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ಗೊತ್ತಾಗಲ್ಲ. 'ವಾಸನೆ ಕಮ್ಮಿ ಆಯ್ತು, ಇಳಿಯಬಹುದು' ಅಂತ ಹೇಳುವವನು ಸಾವಿನ ಬಾಗಿಲಲ್ಲಿ ನಿಂತಿರುತ್ತಾನೆ. ಒದ್ದೆ ಟವೆಲ್ಲು, ಬಟ್ಟೆ ಮಾಸ್ಕು, ಎನ್95 ಯಾವುದೂ ಈ ಗ್ಯಾಸನ್ನು ತಡೆಯಲ್ಲ. ದೀಪ ಇಳಿಸಿ ನೋಡುತ್ತೇವೆ ಅನ್ನುವವರಿದ್ದಾರೆ, ಒಳಗೆ ಮೀಥೇನ್ ಇದ್ದರೆ ಅದು ಇನ್ನೂ ದೊಡ್ಡ ಅಪಾಯ.

ಇಂಥ ಕಡೆ ಒಬ್ಬನೇ ಸಾಯುವುದು ಕಮ್ಮಿ. ಒಬ್ಬ ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಹಾರುತ್ತಾನೆ, ಅವನ ಹಿಂದೆ ಮತ್ತೊಬ್ಬ. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟ್ ಹತ್ತಿರ ಸೋಮಸಂದ್ರಪಾಳ್ಯದ ಅಪಾರ್ಟ್‌ಮೆಂಟ್ ಒಂದರ ಎಸ್‌ಟಿಪಿಯಲ್ಲಿ 3 ಜನ ಹೋದರು. ಅವತ್ತು ಆ ಸುದ್ದಿ ಕೇಳಿ ನಮ್ಮ ಸೈಟಿನಲ್ಲಿ ಯಾರೂ ಮಧ್ಯಾಹ್ನ ಊಟ ಮಾಡಲಿಲ್ಲ. ಎಲ್ಲರೂ ಒಂದಲ್ಲ ಒಂದು ಸಲ ಇಳಿದವರೇ. ನಾನೂ ಇಳಿದಿದ್ದೇನೆ, ಚಿಕ್ಕ ವಯಸ್ಸಲ್ಲಿ, ಸೊಂಟಕ್ಕೆ ಒಂದು ಹಗ್ಗ ಕಟ್ಟಿಕೊಂಡು. ಬದುಕಿದ್ದು ನನ್ನ ಪುಣ್ಯ ಅಷ್ಟೇ.

ಇಳಿಯಲೇಬೇಕಾದ ಸಂದರ್ಭ ಬಂದರೆ ಗ್ಯಾಸ್ ಮೀಟರ್ ಬೇಕು, ಹೊರಗಿನಿಂದ ಗಾಳಿ ಬರುವ ಮಾಸ್ಕು ಬೇಕು, ಟ್ರೈಪಾಡು ಮತ್ತು ಮೈಗೆ ಹಾರ್ನೆಸ್ ಬೇಕು, ಮೇಲೆ ತರಬೇತಿ ಆದವರು ನಿಂತಿರಬೇಕು. ಆಮ್ಲಜನಕ 19.5 ಪರ್ಸೆಂಟ್‌ಗಿಂತ ಕಮ್ಮಿ ತೋರಿಸಿದರೆ ಇಳಿಯುವ ಹಾಗೇ ಇಲ್ಲ. ನಿಮ್ಮದು ಆ ಸಂದರ್ಭವೇ ಅಲ್ಲ. ಗಾಡಿ ಕರೆಸಿದ್ದರೆ ಮುಗಿಯುತ್ತಿತ್ತು. 17 ಸಾವಿರವನ್ನು 212 ಮನೆಗೆ ಹಂಚಿ ನೋಡು, ಮನೆಗೆ 80 ರೂಪಾಯಿ.

ಕೆಲಸದ ಬಗ್ಗೆ ಚಿಂತೆ ಮಾಡಬೇಡ. ಎಸ್‌ಟಿಪಿ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ಬೆಂಗಳೂರಲ್ಲಿ ಕೆಲಸಕ್ಕೆ ಬರ ಇಲ್ಲ. ಆದರೆ ಮುಂದಿನ ಸಲ ಇಂಟರ್‌ವ್ಯೂನಲ್ಲಿ ನೀನೇ ಕೇಳು, ಕೆಸರು ಹೇಗೆ ತೆಗೆಸುತ್ತೀರಿ, ಬ್ಲೋವರ್ ಎಷ್ಟು ಗಂಟೆ ಓಡುತ್ತದೆ ಅಂತ. ಆ ಎರಡು ಉತ್ತರದಲ್ಲೇ ಜಾಗ ಎಂಥದ್ದು ಅಂತ ಗೊತ್ತಾಗುತ್ತದೆ.

ಬಿ_ಬ್ಲಾಕ್_ಖಜಾಂಚಿ:

ನಾನು ಬೇರೊಂದು ಅಪಾರ್ಟ್‌ಮೆಂಟಿನ ಕಮಿಟಿಯಲ್ಲಿ ಎರಡು ವರ್ಷ ಖಜಾಂಚಿ ಆಗಿದ್ದವನು. ಎಲ್ಲರೂ ಕಮಿಟಿಯನ್ನು ಬೈಯುತ್ತಾರೆ, ಬೈಯಿಸಿಕೊಳ್ಳುವಂಥದ್ದೇ ಇದು. ಆದರೂ ಒಳಗಡೆ ಹೇಗೆ ನಡೆಯುತ್ತದೆ ಅಂತ ಹೇಳಬೇಕು ಅನ್ನಿಸಿತು.

ಚದರಡಿಗೆ 25 ಪೈಸೆ ಮೇಂಟೆನೆನ್ಸ್ ಏರಿಸಿದರೆ ಜನರಲ್ ಬಾಡಿಯಲ್ಲಿ ಯುದ್ಧ. ಹಾಗಾಗಿ ಕಮಿಟಿಯವರು ಮನೆಯವರ ಕಣ್ಣಿಗೆ ಕಾಣದ ಕಡೆ ಉಳಿಸುತ್ತಾರೆ. ಲಾಬಿಯ ಟೈಲ್ಸ್‌ಗೆ, ಗೇಟಿನ ಲೈಟಿಗೆ ದುಡ್ಡು ಹುಟ್ಟುತ್ತದೆ, ಬೇಸ್‌ಮೆಂಟಿನ ಫಿಲ್ಟರ್ ಪ್ರೆಸ್ಸಿಗೆ ಹುಟ್ಟಲ್ಲ. ಏಜೆನ್ಸಿಯನ್ನೂ ಅಷ್ಟೇ, ಯಾರು ಕಮ್ಮಿ ಕೋಟ್ ಮಾಡಿದರೋ ಅವರಿಗೆ ಕೊಡುವುದು. ಆ ಕಮ್ಮಿ ಎಲ್ಲಿಂದ ಬಂತು ಅಂತ ನಾವು ಕೇಳಲ್ಲ. ನಾನೂ ಕೇಳಿರಲಿಲ್ಲ, ಈಗ ನೆನೆದರೆ ಬೇಜಾರಾಗುತ್ತದೆ.

ಒಂದು ವಿಷಯಕ್ಕೆ ಮಾತ್ರ ನಿಮ್ಮ ಜೊತೆ ನನಗೆ ಒಪ್ಪಿಗೆ ಇಲ್ಲ. ನೀವು ಬಿಡುವ ಮುಂಚೆ ಎಲ್ಲಾ ಮನೆಯವರಿಗೂ ತಿಳಿಸಬೇಕಿತ್ತು. 212 ಮನೆಯಲ್ಲಿ 200 ಮನೆಯವರಿಗೆ ಅವತ್ತು ಬೇಸ್‌ಮೆಂಟಿನಲ್ಲಿ ಏನಾಗುತ್ತಿತ್ತು ಅಂತಲೇ ಗೊತ್ತಿರುವುದಿಲ್ಲ. ಗೊತ್ತಾಗಿದ್ದರೆ ಹತ್ತು ಜನ ಆದರೂ ಕೆಳಗೆ ಇಳಿದು ಬರುತ್ತಿದ್ದರು. ನೀವು ಸುಮ್ನೆ ಹೊರಟುಬಿಟ್ಟಿರಿ, ಅವರಿಗೆ ಕಂಡದ್ದು ಒಬ್ಬ ಸೂಪರ್‌ವೈಸರ್ ಹೋದ, ಇನ್ನೊಬ್ಬ ಬರುತ್ತಾನೆ ಅಂತ ಅಷ್ಟೇ.

ಪೌರಕಾರ್ಮಿಕರ_ಮಗಳು:

ಖಜಾಂಚಿ ಸರ್, 12 ಗಂಟೆ ಕೆಲಸ ಮಾಡುವವನು ನಿಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇರಲ್ಲ. 212 ಮನೆ ಬಾಗಿಲು ಬಡಿದು ಹೇಳಿದ್ದರೆ ಅವತ್ತೇ ಗೇಟಿನಿಂದ ಹೊರಗೆ ಹಾಕುತ್ತಿದ್ದರು. ಹೇಳಬೇಕಾದವರು ಸಂಬಳ ತಗೊಳ್ಳುವವರು ಮಾತ್ರ ಅಂತ ಯಾಕೆ?

ಪಂಪ್‌ರೂಮ್ ಅಣ್ಣಾ, ನನ್ನ ಅಪ್ಪ 30 ವರ್ಷ ಬೀದಿ ಗುಡಿಸಿದವರು. ಅದಕ್ಕೆ ಮುಂಚೆ ಮ್ಯಾನ್‌ಹೋಲ್ ಇಳಿದವರು. ಅವರು ಮನೆಗೆ ಬಂದರೆ ಅಮ್ಮ ಹಿತ್ತಲಲ್ಲಿ ಎರಡು ಕೊಡ ನೀರು ಹೊಯ್ದು, ಸೀಗೆಪುಡಿ ಹಾಕಿ ಉಜ್ಜಿದ ಮೇಲೇ ಒಳಗೆ ಬಿಡುತ್ತಿದ್ದದ್ದು. ಆ ವಾಸನೆ ಎರಡು ದಿನ ಹೋಗುತ್ತಿರಲಿಲ್ಲ. ಯಾಕೆ ಇಳಿಯುತ್ತಿದ್ದೆ ಅಪ್ಪಾ ಅಂತ ಒಂದು ಸಲ ಕೇಳಿದ್ದೆ. 'ಬೇಡ ಅನ್ನಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ' ಅಂದರು. ಆ ಹುಡುಗ ಅಂಗಿ ಬಿಚ್ಚಿದ್ದೂ ಅದಕ್ಕೇ ಇರಬಹುದು. ಇಳಿಸುವುದು ಯಾರನ್ನ ಅಂತ ನೋಡಿ, ಯಾವಾಗಲೂ ನಮ್ಮ ಜಾತಿಯವರನ್ನ, ಇಲ್ಲಾ ದೂರದ ಊರಿಂದ ಬಂದು ಯಾರನ್ನೂ ಕೇಳಲಾಗದವರನ್ನ.

2013ರಿಂದ ಕಾನೂನೇ ಇದೆ. ಸುರಕ್ಷತೆ ಇಲ್ಲದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಆಳು ಇಳಿಸಿದರೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಅಂದಿತ್ತು, 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. ನಿಮ್ಮ ಕೈಯಲ್ಲಿ ಸಹಿ ಹಾಕಿಸಲು ಬಂದದ್ದು ಅದಕ್ಕೇ. ಹೆಚ್ಚುಕಮ್ಮಿ ಆದರೆ ಪೊಲೀಸರ ಮುಂದೆ ನಿಲ್ಲಬೇಕಾದವರು ನೀವು ಆಗುತ್ತಿದ್ದಿರಿ.

ಈಗ ನಾನು ಹೇಳುವುದು ನಿಮಗೆ ಬೇಜಾರಾಗಬಹುದು. ಸುಳ್ಳು ಕಾಗದಕ್ಕೆ ಸಹಿ ಹಾಕಲ್ಲ ಅಂದಿರಿ, ಆದರೆ ರಾಜೀನಾಮೆಯಲ್ಲಿ 'ವೈಯಕ್ತಿಕ ಕಾರಣ' ಅಂತ ಬರೆದು ಸಹಿ ಹಾಕಿದಿರಿ. ಅದೂ ಸುಳ್ಳು ಕಾಗದವೇ ಅಲ್ವಾ? ಅವರಿಗೆ ಬೇಕಾಗಿದ್ದದ್ದೂ ಅದೇ. ನೀವು ಯಾಕೆ ಬಿಟ್ಟಿರಿ ಅಂತ ಎಲ್ಲೂ ದಾಖಲೆ ಇಲ್ಲ. ನಾಳೆ ಆ ಹುಡುಗನಿಗೆ ಏನಾದರೂ ಆದರೆ 'ನಮಗೆ ಯಾರೂ ಎಚ್ಚರಿಕೆ ಕೊಟ್ಟಿರಲಿಲ್ಲ' ಅನ್ನುತ್ತಾರೆ. ಈಗಲೂ ಕಾಲ ಮಿಂಚಿಲ್ಲ. ನಿಜವಾದ ಕಾರಣ ಬರೆದು ಏಜೆನ್ಸಿಗೂ ಕಮಿಟಿಗೂ ಮೇಲ್ ಹಾಕಿ.

ಪಿಎಫ್_ಲೆಕ್ಕ:

ಪೌರಕಾರ್ಮಿಕರ ಮಗಳು ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕಾನೂನಿನ ಪ್ರಕಾರವೂ ಆ ಮೇಲ್ ನಿಮಗೆ ಬೇಕು.

ನಾನು ಪೇರೋಲ್ ಕೆಲಸ ಮಾಡುವವಳು, ನಿಮ್ಮ ಪ್ರಶ್ನೆಗೆ ಒಂದೊಂದಾಗಿ ಹೇಳುತ್ತೇನೆ.

ಇಎಸ್‌ಐ ನಾಳೆಗೇ ನಿಲ್ಲಲ್ಲ, ಹೆದರಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ ಸಿಗುತ್ತದೆ. ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಇರಬೇಕು, ನೀವು ಆಗಸ್ಟ್‌ವರೆಗೆ ದುಡಿದಿದ್ದೀರಿ, ಆಗುತ್ತದೆ. ಈಗ ಡಿಸೆಂಬರ್‌ವರೆಗಿನದು ಹಿಂದಿನ ಅಕ್ಟೋಬರ್ ಮಾರ್ಚ್ ವಂತಿಗೆಯ ಮೇಲೆ ನಡೆಯುತ್ತಿದೆ. ಆದರೆ ಪಿಎಫ್ ಕಟ್ಟದವರು ಇಎಸ್‌ಐ ಕಟ್ಟಿದ್ದಾರಾ ಅನ್ನುವುದನ್ನು ಮೊದಲು ಇಎಸ್‌ಐ ವೆಬ್‌ಸೈಟಿನಲ್ಲಿ ನಿಮ್ಮ ಐಪಿ ನಂಬರ್ (ಇಎಸ್‌ಐ ವಿಮಾ ಸಂಖ್ಯೆ) ಹಾಕಿ ನೋಡಿ. ಮಗಳ ಚಿಕಿತ್ಸೆ ಬಿಡಬೇಡಿ.

ಪಿಎಫ್: ನಿಮ್ಮಿಂದ 12 ಪರ್ಸೆಂಟ್ ಹಿಡಿದು ಕಟ್ಟದೇ ಇರುವುದು ಸಣ್ಣ ತಪ್ಪಲ್ಲ. ಆ ಐದೂ ತಿಂಗಳ ಸ್ಲಿಪ್ಪು, ಪಾಸ್‌ಬುಕ್ಕಿನ ಪ್ರಿಂಟು ಜೊತೆಗಿಟ್ಟು ಇಪಿಎಫ್‌ಒ ದೂರಿನ ಪೋರ್ಟಲ್ಲಿನಲ್ಲಿ ಹಾಕಿ. ನಮ್ಮ ಅನುಭವದಲ್ಲಿ ಫೋನಿಗೆ ಜಗ್ಗದ ಏಜೆನ್ಸಿಗಳು ಪಿಎಫ್ ಆಫೀಸಿನ ನೋಟಿಸಿಗೆ ಜಗ್ಗುತ್ತವೆ. ಕೆಲಸ ಬಿಟ್ಟ ದಿನಾಂಕವನ್ನು ಅವರು ಹಾಕದಿದ್ದರೆ ಕೊನೆಯ ವಂತಿಗೆ ಆಗಿ ಎರಡು ತಿಂಗಳ ನಂತರ ನೀವೇ ಆನ್‌ಲೈನ್‌ನಲ್ಲಿ ಹಾಕಿಕೊಳ್ಳಬಹುದು. ದುಡ್ಡನ್ನು ದಯವಿಟ್ಟು ತೆಗೆಯಬೇಡಿ, ಹೊಸ ಕೆಲಸಕ್ಕೆ ಟ್ರಾನ್ಸ್‌ಫರ್ ಮಾಡಿಕೊಳ್ಳಿ, ಪಿಂಚಣಿಗೆ 10 ವರ್ಷದ ಸರ್ವೀಸ್ ಬೇಕು.

ಆಗಸ್ಟ್ ಸಂಬಳ: ನೀವು ದುಡಿದ ದಿನದ ಸಂಬಳ ನಿಮ್ಮದು. ನೋಟಿಸ್ ಬಗ್ಗೆ ಆಫರ್ ಲೆಟರಿನಲ್ಲಿ ಏನಿದೆ ಓದಿ ನೋಡಿ. 'ನಾಳೆಯಿಂದ ಬರಬೇಡ' ಅಂತ ಅವರೇ ಹೇಳಿದ್ದನ್ನೂ ಮೇಲ್‌ನಲ್ಲಿ ಬರೆಯಿರಿ, ಯಾವ ದಿನ, ಎಷ್ಟು ಗಂಟೆಗೆ, ಯಾರ ಮುಂದೆ ಅಂತ. ಕೊಡದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಡಿ. 12 ಗಂಟೆ ಡ್ಯೂಟಿಯ ಓಟಿಯನ್ನೂ ಅದರಲ್ಲೇ ಸೇರಿಸಿ, ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ನಿಯಮ. ನಿಮ್ಮ ಹತ್ತಿರ ಅಟೆಂಡೆನ್ಸ್ ರಿಜಿಸ್ಟರಿನ ಫೋಟೋ ಇದೆಯಾ?

ಇನ್ನೊಂದು, ನೀವು ಕೇಳದೇ ಇರುವುದು. 5 ವರ್ಷ 8 ತಿಂಗಳು ಪೂರ್ತಿ ಒಂದೇ ಏಜೆನ್ಸಿನಾ?

ಪಂಪ್‌ರೂಮ್_ಹಾಸನ:

ಇಲ್ಲ ಮೇಡಂ. ಮೊದಲ 3 ವರ್ಷ ಬೇರೆ ಏಜೆನ್ಸಿ. ಆಮೇಲೆ ಕಮಿಟಿ ಟೆಂಡರ್ ಕರೆದು ಇವರಿಗೆ ಕೊಟ್ಟಿತು. ನಾವೆಲ್ಲಾ ಅಲ್ಲೇ ಇದ್ದೆವು, ಯೂನಿಫಾರ್ಮಿನ ಬಣ್ಣ ಮಾತ್ರ ಬದಲಾಯಿತು. ರಿಜಿಸ್ಟರಿನ ಫೋಟೋ ಕೆಲವು ತಿಂಗಳದ್ದು ಇದೆ.

ಪಿಎಫ್_ಲೆಕ್ಕ:

ಅದಕ್ಕೇ ಕೇಳಿದೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿಗೆ, ಸಾಮಾನ್ಯವಾಗಿ ಒಬ್ಬರ ಕೈಕೆಳಗೆ 5 ವರ್ಷ ಆಗಬೇಕು ಅಂತ ಇದೆ, ವರ್ಷಕ್ಕೆ 15 ದಿನದ ಸಂಬಳ, ತಿಂಗಳ ಮೂಲ ವೇತನ ಮತ್ತು ಡಿಎಯನ್ನು (ತುಟ್ಟಿಭತ್ಯೆ) 26ರಿಂದ ಭಾಗಿಸಿ ಲೆಕ್ಕ ಹಾಕುವುದು. ಮೂರು ಮೂರು ವರ್ಷಕ್ಕೆ ಏಜೆನ್ಸಿ ಬದಲಾದರೆ ಯಾರಿಗೂ 5 ವರ್ಷ ತುಂಬುವುದೇ ಇಲ್ಲ. ಅದೇ ಗೇಟು, ಅದೇ ಪಂಪು, ಅದೇ ಮನುಷ್ಯ, ಕಾಗದದಲ್ಲಿ ಮಾತ್ರ ಹೊಸಬ. ಈ ಕೆಲಸದಲ್ಲಿ ಹತ್ತು ವರ್ಷ ದುಡಿದು ಒಂದು ರೂಪಾಯಿ ಗ್ರಾಚ್ಯುಟಿ ಇಲ್ಲದೆ ಹೋದವರನ್ನು ನಾನೇ ನೋಡಿದ್ದೇನೆ, ಆ ಫೈಲುಗಳನ್ನು ಮುಚ್ಚುವಾಗ ಕೈ ಬರಲ್ಲ. ಸರ್ವೀಸ್ ಮುರಿದಿಲ್ಲ ಅಂತ ವಾದ ಮಾಡಬಹುದು, ಸುಲಭ ಅಲ್ಲ, ಆದರೆ ಎರಡೂ ಏಜೆನ್ಸಿಯ ಐಡಿ ಕಾರ್ಡು, ಸ್ಲಿಪ್ಪು ಎಸೆಯಬೇಡಿ. ಕಾರ್ಮಿಕ ಭವನಕ್ಕೆ ಹೋಗುವಾಗ ಅವನ್ನೂ ಹಿಡಿದುಕೊಂಡು ಹೋಗಿ.

ಹಳೇ_ಫಿಟ್ಟರ್:

ಮೇಲ್ ಬರೆಯುವಾಗ ಕೋಪದ ಮಾತು ಬೇಡ. ಫಿಲ್ಟರ್ ಪ್ರೆಸ್ ಯಾವತ್ತು ಕೆಟ್ಟಿತು, ಕೊಟೇಷನ್ ಯಾವತ್ತು ಕೊಟ್ಟೆ, ಬ್ಲೋವರ್ ಗಂಟೆ ಯಾರು ಇಳಿಸಿದರು, ಲಾಗ್‌ಬುಕ್ಕಿನಲ್ಲಿ ಇರುವ ಹಾಗೇ ಬರಿ. ಟ್ಯಾಂಕಿನಲ್ಲಿ ಗ್ಯಾಸ್ ಇದೆ, ಆಳು ಇಳಿದರೆ ಸಾಯುತ್ತಾನೆ ಅಂತ ಒಂದು ಸಾಲು ನೇರವಾಗಿ ಇರಲಿ. ಯಾರಾದರೂ ಇಳಿಸುತ್ತಿದ್ದಾರೆ ಅಂತ ಗೊತ್ತಾದರೆ ಚರಂಡಿ, ಸೆಪ್ಟಿಕ್ ಟ್ಯಾಂಕ್ ದೂರಿನ ಸಹಾಯವಾಣಿ 14420ಕ್ಕೆ ಫೋನ್ ಮಾಡಬಹುದು ಅಂತ ಹುಡುಗರಿಗೂ ಹೇಳು. ಅದು ಆಗಲೇ ಇಳಿದು ಬಿದ್ದಾಗ ಅಲ್ಲ, ಆಗ 112 ಮತ್ತು ಫೈರ್ ಸರ್ವೀಸು. ಯಾರೂ ಎತ್ತಲು ಒಳಗೆ ಹಾರಬಾರದು. ಇದನ್ನು ಆ ಹುಡುಗನ ಬಾಯಲ್ಲಿ ಎರಡು ಸಲ ಹೇಳಿಸು.

ಬಿ_ಬ್ಲಾಕ್_ಖಜಾಂಚಿ:

ಪೌರಕಾರ್ಮಿಕರ ಮಗಳು ಅವರೇ, ನೀವು ಹೇಳಿದ್ದು ಒಪ್ಪಿದೆ. ನಾನು ಹಾಗೆ ಬರೆಯಬಾರದಿತ್ತು. ನಿನ್ನೆ ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ನೋಡಿದೆ, ನಮ್ಮಲ್ಲೂ ಹೆಂಗಸರು ಪಂಪ್‌ರೂಮಿನ ಮೆಟ್ಟಿಲ ಮೇಲೇ ಕೂತು ಊಟ ಮಾಡುತ್ತಾರೆ. ಇಷ್ಟು ವರ್ಷ ಕಾರು ನಿಲ್ಲಿಸಿ ಲಿಫ್ಟಿಗೆ ಹೋಗುವಾಗ ನೋಡಿದ್ದೇನೆ, ಆದರೆ ನೋಡಿರಲಿಲ್ಲ. ಖಾಲಿ ಇರುವ ಸ್ಟೋರ್ ರೂಮು ಒಂದಿದೆ, ಈ ತಿಂಗಳ ಮೀಟಿಂಗಿನ ಅಜೆಂಡಾಕ್ಕೆ ಹಾಕಿಸಿದ್ದೇನೆ. ಪಂಪ್‌ರೂಮ್ ಅವರೇ, ಮೇಲ್ ಕಳಿಸುವಾಗ ಅಧ್ಯಕ್ಷರಿಗೆ ಮಾತ್ರ ಕಳಿಸಬೇಡಿ, ಕಮಿಟಿಯ ಎಲ್ಲರಿಗೂ ಹಾಕಿ. ಒಬ್ಬರಿಗೆ ಬಂದ ಮೇಲ್ ಅಲ್ಲೇ ಉಳಿದುಹೋಗಬಹುದು, ಒಂಬತ್ತು ಜನಕ್ಕೆ ಬಂದದ್ದು ಹೊರಗೆ ಬಂದೇ ಬರುತ್ತದೆ.

ಪಂಪ್‌ರೂಮ್_ಹಾಸನ:

12 ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಪೌರಕಾರ್ಮಿಕರ ಮಗಳು ಅವರೇ, 'ಅದೂ ಸುಳ್ಳು ಕಾಗದವೇ ಅಲ್ವಾ' ಅಂತ ಬರೆದಿದ್ದಿರಿ, ಅವತ್ತು ರಾತ್ರಿ ಅದನ್ನು ಓದಿ ಸಂಕಟ ಆಯಿತು. ಹೆಂಡತಿಗೂ ಓದಿಸಿದೆ. 'ಅವರು ಹೇಳಿದ್ದು ಸರಿ, ಬರೀರಿ' ಅಂದಳು. ಇಬ್ಬರೂ ಕೂತು ಕನ್ನಡದಲ್ಲೇ ಬರೆದೆವು, ಒಂದೂವರೆ ಪುಟ. ವೈಯಕ್ತಿಕ ಕಾರಣ ಅಂತ ಬರೆದದ್ದು ನಿಜ ಅಲ್ಲ, ನಿಜವಾದ ಕಾರಣ ಇದು ಅಂತ ಶುರು ಮಾಡಿ ಯುಗಾದಿಯಿಂದ ಆದದ್ದೆಲ್ಲಾ ಬರೆದೆ. ಕಮಿಟಿಯ ಒಂಬತ್ತೂ ಜನಕ್ಕೆ ಹಾಕಿದೆ, ಏಜೆನ್ಸಿಗೂ ಹಾಕಿದೆ.

ಏಜೆನ್ಸಿಯವರು ಫೋನ್ ಮಾಡಿ ಬೈದರು, ರಿಲೀವಿಂಗ್ ಲೆಟರ್ ಕೊಡಲ್ಲ ಅಂದರು. ಇನ್ನೂ ಕೊಟ್ಟಿಲ್ಲ. ಆಗಸ್ಟ್ ಸಂಬಳದಲ್ಲಿ ಅರ್ಧ ಬಂದಿದೆ, ಉಳಿದದ್ದಕ್ಕೆ ಸೋಮವಾರ ಕಾರ್ಮಿಕ ಭವನಕ್ಕೆ ಹೋಗುತ್ತೇನೆ. ಪಿಎಫ್ ದೂರು ಹಾಕಿದ್ದೇನೆ, ಉತ್ತರ ಬಂದಿಲ್ಲ. ಇಎಸ್‌ಐ ಕಟ್ಟಿದ್ದಾರೆ, ನೋಡಿದೆ, ಮಗಳನ್ನು ಮೊನ್ನೆ ಕರೆದುಕೊಂಡು ಹೋಗಿ ಬಂದೆ. ಒಂದು ಆಸ್ಪತ್ರೆಯ ಮೇಂಟೆನೆನ್ಸ್‌ಗೆ ಇಂಟರ್‌ವ್ಯೂ ಆಗಿದೆ. ಫಿಟ್ಟರ್ ಅಣ್ಣ ಹೇಳಿದ ಹಾಗೆ ಎರಡೂ ಪ್ರಶ್ನೆ ಕೇಳಿದೆ. ಆ ಎಂಜಿನಿಯರ್ ಎದ್ದು ನಿಂತು, ಬನ್ನಿ ತೋರಿಸುತ್ತೇನೆ ಅಂತ ಪ್ಲಾಂಟಿಗೇ ಕರೆದುಕೊಂಡು ಹೋದರು. ಸಂಬಳ ಸ್ವಲ್ಪ ಕಮ್ಮಿ, 8 ಗಂಟೆ ಡ್ಯೂಟಿ.

ಕಮಿಟಿಯಲ್ಲಿ ಒಬ್ಬ ಮೇಡಂ ಇದ್ದಾರೆ, ಮೇಲ್ ಓದಿ ಅದನ್ನು ಗ್ರೂಪಿಗೆ ಹಾಕಿದರಂತೆ. ದೊಡ್ಡ ಗಲಾಟೆ ಆಯಿತಂತೆ. ಮೂರನೇ ದಿನ ಗಾಡಿ ಬಂತು. ರಾಯಚೂರಿನ ಹುಡುಗ ವಿಡಿಯೋ ಕಾಲ್ ಮಾಡಿ ತೋರಿಸಿದ, ಪೈಪು ಟ್ಯಾಂಕಿನೊಳಗೆ ಹೋಗಿತ್ತು, ಇವನು ಅಂಗಿ ಹಾಕಿಕೊಂಡು ಮೇಲೆ ನಿಂತು ಲೋಡ್ ಎಣಿಸುತ್ತಿದ್ದ. ಆರು ಲೋಡ್ ಆಯ್ತು ಅಣ್ಣಾ, ನೀವು ಐದು ಅಂದಿದ್ರಿ ಅಂದ. ಫಿಲ್ಟರ್ ಪ್ರೆಸ್ ಇನ್ನೂ ರಿಪೇರಿ ಆಗಿಲ್ಲ.